ವಯಸ್ಸು ಬರೆದುಕೊಂಡ ಮೇಲೆ

ಇವತ್ತಿನಿಂದ ವೈದ್ಯರಾಗುತ್ತಿರುವ ಗೆಳೆಯರೇ,

ಘಟಿಕೋತ್ಸವದಲ್ಲಿ ಪದವೀಧರರ ಭವಿಷ್ಯದ ಬಗ್ಗೆ ಮಾತಾಡುವುದು ವಾಡಿಕೆ. ಅದನ್ನು ನೀವೇ ನೋಡಿಕೊಳ್ಳುತ್ತೀರಿ ಬಿಡಿ. ಎಪ್ಪತ್ತು ದಾಟಿದ, ಶ್ವಾಸಕೋಶದ ಕ್ಯಾನ್ಸರ್ ಆದವರ ಮುಂದಿನ ದಿನಗಳನ್ನು ಅಂದಾಜು ಮಾಡುವ ಬಗೆ ಹೇಗೆ ಎಂದು ನಾಲ್ಕು ಮಾತು ಹೇಳುತ್ತೇನೆ.

ಕ್ಯಾನ್ಸರ್ ಓಪಿಡಿಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತಿದು: “ಅಪ್ಪಂಗೆ ಎಪ್ಪತ್ತಾರು ಸಾರ್. ಈ ವಯಸ್ಸಲ್ಲಿ ಕೀಮೋ ಎಲ್ಲಿ ತಡಕೊಳ್ತಾರೆ? ಬೇಡ ಬಿಡಿ.” ಹೇಳುವವನು ಮಗ. ಅಪ್ಪ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ, ಅವರನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ವಯಸ್ಸಾದವರಿಗೆ ಕೀಮೋ ಕೊಟ್ಟು ಪ್ರಯೋಜನವುಂಟೇ ಎಂಬುದೇ ಒಂದು ಕಾಲಕ್ಕೆ ಪ್ರಶ್ನೆಯಾಗಿತ್ತು. 1999ರಲ್ಲಿ ಇಟಲಿಯವರು ಎಪ್ಪತ್ತು ಮೀರಿದವರಿಗೆ ವಿನೊರೆಲ್ಬಿನ್ ಎಂಬ ಕೀಮೋ ಔಷಧಿ ಒಂದನ್ನೇ ಕೊಟ್ಟು ನೋಡಿದರು: 21 ವಾರವಿದ್ದ ಸರಾಸರಿ ಬದುಕು 28 ವಾರವಾಯಿತು. 2011ರಲ್ಲಿ ಫ್ರಾನ್ಸಿನವರು 70ರಿಂದ 89ರ ವಯಸ್ಸಿನವರಿಗೆ ಎರಡು ಔಷಧಿ ಕೂಡಿಸಿ ಕೊಟ್ಟಾಗ 6.2 ತಿಂಗಳು 10.3ಕ್ಕೆ ಏರಿತು, ಜೊತೆಗೆ ಅಡ್ಡಪರಿಣಾಮವೂ ಏರಿತು. ಆದರೆ ಸರಾಸರಿ ಎಂಬ ಮನುಷ್ಯ ನಿಮ್ಮ ಓಪಿಡಿಗೆ ಬರುವುದಿಲ್ಲ. ಎದುರಿಗೆ ಕೂತವರಿಗೆ ಏನಾದೀತು?

ಇದರಲ್ಲಿ ಎರಡು ಪ್ರಶ್ನೆಗಳಿವೆ. ಔಷಧಿಗೆ ಗಡ್ಡೆ ಬಗ್ಗುತ್ತದೆಯೇ? ಔಷಧಿಯನ್ನು ದೇಹ ತಾಳುತ್ತದೆಯೇ? ಮೊದಲನೆಯದಕ್ಕೆ ಉತ್ತರ ಬಯಾಪ್ಸಿಯ ಚೂರಿನಲ್ಲಿದೆ. 2009ರಲ್ಲಿ ಪ್ರಕಟವಾದ ಪೂರ್ವ ಏಷ್ಯಾದ ಅಧ್ಯಯನದಲ್ಲಿ, ಇಜಿಎಫ್ಆರ್ ಜೀನಿನಲ್ಲಿ ಮಾರ್ಪಾಡು ಇದ್ದವರಲ್ಲಿ ಶೇ. 71.2 ಮಂದಿಯ ಗಡ್ಡೆ ಜೆಫಿಟಿನಿಬ್ ಮಾತ್ರೆಗೆ ಕುಗ್ಗಿತು. ಮಾರ್ಪಾಡು ಇಲ್ಲದವರಲ್ಲಿ? ಶೇ. 1.1. ಮಾತ್ರೆ ಅದೇ, ಕಾಯಿಲೆಯ ಹೆಸರೂ ಅದೇ. ಹುಟ್ಟಿದ ವರ್ಷ ನೋಡಿ ಇದನ್ನು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ.

ಎರಡನೆಯ ಪ್ರಶ್ನೆ ನನಗೆ ಹೆಚ್ಚು ಇಷ್ಟ, ಅದಕ್ಕೆ ಲ್ಯಾಬಿಗಿಂತ ಮಾತು ಹೆಚ್ಚು ಬೇಕು. ಅಮೆರಿಕದ ಆರತಿ ಹುರಿಯಾ ಮತ್ತು ಸಂಗಡಿಗರು 65 ದಾಟಿದ 500 ಕ್ಯಾನ್ಸರ್ ರೋಗಿಗಳನ್ನು ಗಮನಿಸಿ 2011ರಲ್ಲಿ ಒಂದು ಅಂಕಪಟ್ಟಿ ಮಾಡಿದರು. ಹಿಮೋಗ್ಲೋಬಿನ್, ಮೂತ್ರಪಿಂಡದ ಕೆಲಸ, ಔಷಧಿಯ ಪ್ರಮಾಣ ಅದರಲ್ಲಿವೆ. ವಯಸ್ಸೂ ಇದೆ, ಹಲವು ಸಾಲುಗಳಲ್ಲಿ ಒಂದಾಗಿ. ಉಳಿದವು: ಆರು ತಿಂಗಳಲ್ಲಿ ಬಿದ್ದಿದ್ದೀರಾ? ಕಿವಿ ಸರಿಯಾಗಿ ಕೇಳುತ್ತದೆಯೇ? ಒಂದು ಬೀದಿಯಷ್ಟು ನಡೆಯುತ್ತೀರಾ? ಮಾತ್ರೆ ತಾವೇ ತಗೊಳ್ತೀರಾ? ಜನರ ಜೊತೆ ಬೆರೆಯುವುದು ಕಮ್ಮಿಯಾಗಿದೆಯೇ? ವೈದ್ಯರು ರೋಗಿಯನ್ನು ನೋಡಿ ಹಾಕುವ ಕಾರ್ನಾಫ್‌ಸ್ಕಿ ಅಂಕಕ್ಕೆ ತೀವ್ರ ಅಡ್ಡಪರಿಣಾಮವನ್ನು ಮುಂಗಾಣಲು ಆಗಲಿಲ್ಲ. ಈ ಪ್ರಶ್ನೆಗಳಿಗೆ ಆಯಿತು.

ಇವನ್ನು ನಮ್ಮೂರಿಗೆ ಹಾಗೇ ತರಲಾಗದು. ನಮ್ಮ ಗಂಡಸರಲ್ಲಿ ಎಷ್ಟೋ ಜನ ಮದುವೆಯಾದಂದಿನಿಂದ ಮಾತ್ರೆಯನ್ನು ಹೆಂಡತಿಯ ಕೈಯಿಂದಲೇ ತೆಗೆದುಕೊಂಡವರು. ಅದು ಅಶಕ್ತಿಯಲ್ಲ, ಅಭ್ಯಾಸ! ಹಾಗಾಗಿ “ಹಾಲು ತರೋಕೆ ಹೋಗ್ತೀರಾ? ಮೊನ್ನೆ ನಂಟರ ಮದುವೆಗೆ ಹೋಗಿದ್ರಾ?” ಎಂದು ಕೇಳಿ. “ಬಿದ್ದಿದ್ದೀರಾ?” ಎಂದರೆ “ಇಲ್ಲ” ಎನ್ನುವ ಅಜ್ಜಿ, “ಬಚ್ಚಲಲ್ಲಿ ಕಾಲು ಜಾರಿತ್ತಾ?” ಎಂದರೆ ಸೆರಗು ಸರಿಸಿ ಮೊಣಕೈ ತೋರಿಸುತ್ತಾರೆ. ಮಾತ್ರೆಯ ಕವರನ್ನು ಮೇಜಿನ ಮೇಲೆ ಸುರಿಸಿ. ಒಂದೇ ಬಿಪಿ ಮಾತ್ರೆ ಎರಡು ಕಂಪನಿಯ ಹೆಸರಿನಲ್ಲಿ, ಅಂಗಡಿಯವರು ಕೊಟ್ಟ ನೋವಿನ ಗುಳಿಗೆ, ಯಾವುದೋ ಪುಡಿಯ ಪೊಟ್ಟಣ ಎಲ್ಲ ಉದುರುತ್ತವೆ. ಆ ನೋವಿನ ಗುಳಿಗೆ ಮೂತ್ರಪಿಂಡಕ್ಕೆ ಏನು ಮಾಡುತ್ತದೆ ಎಂಬುದನ್ನು ನೀವು ಪರೀಕ್ಷೆಯಲ್ಲಿ ಬರೆದಿದ್ದೀರಿ.

ಇಷ್ಟೆಲ್ಲ ಕೇಳಿದರೆ ಆಯಸ್ಸು ಹೆಚ್ಚುತ್ತದೆಯೇ? ಹಾಗೇನೂ ಕಂಡಿಲ್ಲ. ಫ್ರಾನ್ಸ್ ಮತ್ತು ಸ್ಪೇನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ 494 ಹಿರಿಯರ ಅಧ್ಯಯನ ನಡೆದು 2016ರಲ್ಲಿ ಪ್ರಕಟವಾಯಿತು. ಇಂಥ ಪರಿಶೀಲನೆಯ ಮೇಲೆ ಚಿಕಿತ್ಸೆ ಆಯ್ದರೂ ಬದುಕಿನ ಅವಧಿ ಬದಲಾಗಲಿಲ್ಲ, ಅಡ್ಡಪರಿಣಾಮ ತುಸು ತಗ್ಗಿತು. 2021ರ ಅಮೆರಿಕದ ಅಧ್ಯಯನದಲ್ಲಿ ಬೇರೆ ಬೇರೆ ಕ್ಯಾನ್ಸರುಗಳ 718 ಹಿರಿಯರಿದ್ದರು. ಪರಿಶೀಲನೆಯ ವರದಿ ಕೈಸೇರಿದ ವೈದ್ಯರ ರೋಗಿಗಳಲ್ಲಿ ತೀವ್ರ ಅಡ್ಡಪರಿಣಾಮ ಶೇ. 51, ಉಳಿದವರಲ್ಲಿ ಶೇ. 71. ಆಯಸ್ಸು ಹೆಚ್ಚುಕಮ್ಮಿ ಅಷ್ಟೇ. ಇದನ್ನು ಸಣ್ಣ ಲಾಭವೆನ್ನುವವರು ವಾರ್ಡಿನಲ್ಲಿ ಡ್ರಿಪ್ಪಿಗೆ ಕಟ್ಟಿಹಾಕಿಸಿಕೊಂಡು ಹಬ್ಬ ಕಳೆದವರಲ್ಲ ಎಂದೇ ನನ್ನ ಅನಿಸಿಕೆ.

ಇನ್ನೊಂದು ಮಾತು. ಗಾಲಿಕುರ್ಚಿಯಲ್ಲಿ ಬಂದವರೆಲ್ಲ ಮುಪ್ಪಿನಿಂದ ಕುಸಿದವರಲ್ಲ. ಎದೆಯಲ್ಲಿ ತುಂಬಿದ ನೀರು ತೆಗೆದರೆ ಎದ್ದು ನಡೆಯುವವರಿದ್ದಾರೆ. ಹಾಸಿಗೆ ಹಿಡಿದ, ಆದರೆ ಇಜಿಎಫ್ಆರ್ ಮಾರ್ಪಾಡು ಇರುವ ಕೆಲವರು ಮಾತ್ರೆ ಶುರುಮಾಡಿದ ಮೇಲೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಇವತ್ತು ಹೇಗಿದ್ದಾರೆ ಎನ್ನುವುದರಷ್ಟೇ ಮುಖ್ಯ, ಮೂರು ತಿಂಗಳ ಹಿಂದೆ ಹೇಗಿದ್ದರು ಎನ್ನುವುದು.

ನಿಮ್ಮಲ್ಲಿ ಬಹಳಷ್ಟು ಜನ ಕ್ಯಾನ್ಸರ್ ತಜ್ಞರಾಗುವುದಿಲ್ಲ, ತಾಲ್ಲೂಕು ಆಸ್ಪತ್ರೆಯಿಂದ ಇವರನ್ನು ದೊಡ್ಡಾಸ್ಪತ್ರೆಗೆ ಕಳಿಸುವವರು ನೀವೇ. ರೆಫರಲ್ ಚೀಟಿಯಲ್ಲಿ ವಯಸ್ಸು, ಎಕ್ಸ್‌ರೇಯಲ್ಲಿ ಕಂಡದ್ದು ಇಷ್ಟೇ ಬರೆದು ಸಹಿ ಹಾಕಬೇಡಿ. ಈಚೆಗೆ ಬಿದ್ದಿದ್ದರೇ, ಕಾಯಿಲೆಗೆ ಮುಂಚೆ ಎಲ್ಲಿಯವರೆಗೆ ನಡೆಯುತ್ತಿದ್ದರು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಚಿಕಿತ್ಸೆ ಬೇಕೋ ಬೇಡವೋ ಎಂದು ಅವರೇ ಏನಂದರು, ಇಷ್ಟನ್ನೂ ಕೆಳಗೆ ಬರೆಯಿರಿ. ಕನ್ನಡದಲ್ಲಿ ಬರೆದರೂ ನಾವು ಓದುತ್ತೇವೆ.