‘ಟೀಗೆ ಬನ್ನಿ’ ಎಂದರೆ ಏನರ್ಥ?

(ಪೊರಿರುವಾದಲ್ಲಿ ಜರುಗಿದ ನಮ್ಮ ಕೂಟದ ಸಭೆಯಲ್ಲಿ ಅತಿಥಿಗಳು ಮಾಡಿದ ಉಪನ್ಯಾಸದ ಪಾಠ)



ಇಂದು ನಾವು ಆರಿಸಿಕೊಂಡಿರುವ ವಿಷಯ ಇಂಗ್ಲಿಷಿನ ಒಂದು ಪುಟ್ಟ ಪದ, ‘ಟೀ’. ಇದರಲ್ಲಿ ಉಪನ್ಯಾಸ ಮಾಡುವಂಥದ್ದು ಏನಿದೆ ಎಂದು ತಮಗೆ ಅನಿಸಬಹುದು. ಈ ಪದವನ್ನು ಸರಿಯಾಗಿ ತಿಳಿಯದೆ ನಾವು ಒಂದು ಸ್ನೇಹವನ್ನೇ ಕಳೆದುಕೊಳ್ಳುವುದರಲ್ಲಿದ್ದೆವು. ಆ ಕಥೆಯಿಂದಲೇ ಆರಂಭಿಸುತ್ತೇವೆ.

ನಾವು ಈ ಊರಿಗೆ ಬಂದ ಮೊದಲ ಚಳಿಗಾಲ. ಪಕ್ಕದ ಮನೆಯ ವೃದ್ಧ ದಂಪತಿಗಳು ಶನಿವಾರ ಸಂಜೆ ಐದೂವರೆಗೆ ಟೀಗೆ ಬರಬೇಕೆಂದು ಆಹ್ವಾನಿಸಿದರು. ಮನೆಯಲ್ಲಿ ಉಪ್ಪಿಟ್ಟು ತಿಂದು, ಹೇಳಿದ ಹೊತ್ತಿಗೇ ಹೋಗಿ ನಿಲ್ಲುವುದು ಸೌಜನ್ಯವಲ್ಲವೆಂದು ಭಾವಿಸಿ, ಆರೂಕಾಲಿಗೆ ಅವರ ಬಾಗಿಲು ತಟ್ಟಿದೆವು. ಒಳಗೆ ಮೇಜಿನ ತುಂಬ ಊಟ! ನಡುವೆ ಹುರಿದ ಕುರಿಮಾಂಸ, ಸುತ್ತ ಆಲೂಗೆಡ್ಡೆ, ಬಟಾಣಿ. ನಾವು ಸಸ್ಯಾಹಾರಿಗಳು, ಹೊಟ್ಟೆಯೂ ತುಂಬಿತ್ತು. ಸಂಕೋಚದಿಂದ ಒಂದೊಂದು ಬಟ್ಟಲು ಚಹಾ ಕುಡಿದು ಎದ್ದು ಬಂದೆವು. ಆ ತಾಯಿ ಏನೂ ಹೇಳದೆ ಪಾತ್ರೆಗಳನ್ನು ಮುಚ್ಚಿಟ್ಟರು.

ಕೆಲವು ವಾರಗಳ ಬಳಿಕ ನಾವೂ ಅವರನ್ನು ಸಂಜೆ ಆರಕ್ಕೆ ‘ಟೀ’ಗೆ ಕರೆದೆವು. ಏಲಕ್ಕಿ ಹಾಕಿದ ಚಹಾ, ಚಕ್ಕುಲಿ, ಕೇಸರಿಬಾತು ಕೊಟ್ಟು ಉಪಚರಿಸಿದೆವು. ಅವರು ಎಂಟರವರೆಗೂ ಕುಳಿತು, ಮತ್ತೇನೂ ಬಾರದಿದ್ದಾಗ ವಂದಿಸಿ ಹೊರಟರು. ಬಾಗಿಲು ಮುಚ್ಚಿದ ಮೇಲೆ ನಮ್ಮ ಮಗಳು, “ಅಮ್ಮಾ, ಅವರು ಊಟಕ್ಕೆಂದು ಬಂದಿದ್ದರು, ನಮ್ಮ ಶಾಲೆಯಲ್ಲಿ ಎಲ್ಲರೂ ರಾತ್ರಿ ಊಟಕ್ಕೇ ಟೀ ಅನ್ನುತ್ತಾರೆ” ಎಂದಳು. ಎಂಟು ವರ್ಷದ ಮಗುವಿಗೆ ತಿಳಿದದ್ದು ನಮಗೆ ತಿಳಿದಿರಲಿಲ್ಲ. ಎರಡು ಬಾರಿ ಒಂದೇ ಪದದಲ್ಲಿ ಎಡವಿದ್ದೆವು. ಒಮ್ಮೆ ಅವರ ಅನ್ನವನ್ನು ನಿರಾಕರಿಸಿ, ಇನ್ನೊಮ್ಮೆ ಅವರನ್ನು ಹಸಿದ ಹೊಟ್ಟೆಯಲ್ಲಿ ಕಳುಹಿಸಿ. ಆಮೇಲೆ ಎರಡು ತಿಂಗಳು ಬೇಲಿಯ ಆಚೆ ಈಚೆ ಬರಿಯ ತಲೆಯಾಡಿಸುವಿಕೆ ಮಾತ್ರ ಉಳಿಯಿತು.

ಈ ಪದ ಎಲ್ಲಿಂದ ಬಂತು? ಮೂಲ ಚೀನಾ. ಅಲ್ಲಿನ ಫುಜಿಯಾನ್ ಕರಾವಳಿಯ ಆಡುಮಾತಿನಲ್ಲಿ ಇದು ‘ತೆ’. 17ನೆಯ ಶತಮಾನದಲ್ಲಿ ಡಚ್ ವರ್ತಕರು ಅದನ್ನು ಯೂರೋಪಿಗೆ ಒಯ್ದರು. ಚೀನಾದ ಇತರ ಭಾಗಗಳಲ್ಲಿ ಅದೇ ವಸ್ತು ‘ಚಾ’. ಆ ರೂಪ ಭೂಮಾರ್ಗವಾಗಿ ಪರ್ಶಿಯಾಕ್ಕೂ, ಪೋರ್ಚುಗೀಸರ ಮೂಲಕ ಸಮುದ್ರಮಾರ್ಗವಾಗಿಯೂ ಹರಡಿತು. ನಮ್ಮ ಕನ್ನಡದಲ್ಲಿ ಎರಡೂ ಉಳಿದಿವೆ. ಧಾರವಾಡದವರು ‘ಚಹಾ’ ಕುಡಿಯುತ್ತಾರೆ, ಮೈಸೂರಿನವರು ‘ಟೀ’ ಕುಡಿಯುತ್ತಾರೆ.

ಪಾನೀಯದ ಹೆಸರು ಊಟದ ಹೆಸರಾದದ್ದು ಇಂಗ್ಲೆಂಡಿನಲ್ಲಿ. ಸಿರಿವಂತರು ಮಧ್ಯಾಹ್ನದ ಇಳಿಹೊತ್ತಿನಲ್ಲಿ ಚಹಾದೊಡನೆ ಕೇಕು ತಿನ್ನುವ ಪದ್ಧತಿಯನ್ನು 1840ರ ಸುಮಾರಿಗೆ ಬಳಕೆಗೆ ತಂದರೆಂದು ಹೇಳುತ್ತಾರೆ. ಉತ್ತರ ಇಂಗ್ಲೆಂಡು, ಸ್ಕಾಟ್‌ಲೆಂಡುಗಳ ದುಡಿಯುವ ಜನರಾದರೋ ಕಾರ್ಖಾನೆಯಿಂದ ಮನೆಗೆ ಬಂದೊಡನೆ ಹೊಟ್ಟೆತುಂಬ ಉಂಡು ಜೊತೆಗೆ ಚಹಾ ಕುಡಿಯುತ್ತಿದ್ದರು. ಆ ಊಟವೇ ‘ಟೀ’ ಆಯಿತು. ವಲಸೆ ಬಂದವರು ಹಾಸಿಗೆ ಪೆಟ್ಟಿಗೆಗಳೊಡನೆ ಆ ಪದವನ್ನೂ ಈ ದ್ವೀಪಗಳಿಗೆ ತಂದರು. ಆದ್ದರಿಂದ ಇಲ್ಲಿ ಬೆಳಗ್ಗೆ ಹತ್ತರ ‘ಮಾರ್ನಿಂಗ್ ಟೀ’ ಬೇರೆ, ಮೂರರ ‘ಆಫ್ಟರ್‌ನೂನ್ ಟೀ’ ಬೇರೆ, ಬರಿಯ ‘ಟೀ’ ಬೇರೆ. ಮೊದಲೆರಡು ತಿಂಡಿ, ಮೂರನೆಯದು ಊಟ. ಬರಿಯ ಚಹಾ ಬೇಕಿದ್ದರೆ ‘ಕಪ್ಪಾ’ ಎಂದು ಕೇಳಬೇಕು. ‘ಬ್ರಿಂಗ್ ಎ ಪ್ಲೇಟ್’ ಎಂದರೆ ಖಾಲಿ ತಟ್ಟೆಯಲ್ಲ, ಎಲ್ಲರೂ ಹಂಚಿ ತಿನ್ನಲು ಒಂದು ತಟ್ಟೆ ತಿನಿಸು. ಖಾಲಿ ತಟ್ಟೆ ಹಿಡಿದು ಹೋದವರು ಈ ಸಭೆಯಲ್ಲಿಯೂ ಇದ್ದಾರೆಂದು ಅವರ ಮುಗುಳ್ನಗೆಯಿಂದಲೇ ತಿಳಿಯುತ್ತದೆ!

ಆದರೆ ಇಂಗ್ಲಿಷನ್ನು ಮಾತ್ರ ದೂರುವುದು ನ್ಯಾಯವಲ್ಲ. ಮೈಸೂರಿನ ಕಡೆ “ಕಾಫಿ ಆಯಿತೇ?” ಎಂದು ಕೇಳಿದರೆ ದೋಸೆಯೋ ಇಡ್ಲಿಯೋ ಆಯಿತೇ ಎಂದು ಅರ್ಥ. “ಕಾಫಿಗೆ ಏನಾದರೂ ಕೊಡಿ ಸ್ವಾಮಿ” ಎಂದರೆ ಕೇಳುತ್ತಿರುವುದು ಕಾಫಿಯಲ್ಲ, ಕಾಸು. ಹೆಣ್ಣು ನೋಡಲು ಬಂದವರು ಕಾಫಿ ತಿಂಡಿ ಮುಗಿಸಿ, ಸಂಬಂಧ ಕೂಡುವವರೆಗೆ ಊಟಕ್ಕೆ ಕೂಡದೆ ಎದ್ದು ಹೋಗುವುದುಂಟು. ಅಲ್ಲಿ ಕಾಫಿಗೂ ಊಟಕ್ಕೂ ನಡುವೆ ಇರುವ ಅಂತರ ಒಂದು ಬದುಕಿನ ನಿರ್ಧಾರ. ಇವೆಲ್ಲ ಯಾವ ನಿಘಂಟಿನಲ್ಲಿವೆ? ನಾವು ಅವನ್ನು ಕಲಿತದ್ದು ಅಜ್ಜಿಯ ಅಡಿಗೆಮನೆಯಲ್ಲಿ.

ನಾವು ನೆಲೆಸಿರುವ ಈ ಪೊರಿರುವಾ ಙಾತಿ ತೋವಾ ಜನರ ನೆಲ. ಮಾವೊರಿ ಭಾಷೆಯಲ್ಲಿ ‘ತೀ’ ಎಂಬುದು ಮೊದಲಿಂದಲೂ ಒಂದು ಸ್ಥಳೀಯ ಮರದ ಹೆಸರು; ಇಂಗ್ಲಿಷರು ಬಂದ ಮೇಲೆ ಚಹಾವೂ ‘ತೀ’ ಆಯಿತು. ಇತ್ತ ಕ್ಯಾಪ್ಟನ್ ಕುಕ್ಕನ ನಾವಿಕರು 18ನೆಯ ಶತಮಾನದಲ್ಲಿ ಮಾನುಕಾ ಎಲೆಗಳನ್ನು ಚಹಾದಂತೆ ಕುದಿಸಿ ಕುಡಿದುದರಿಂದ ಆ ಗಿಡಕ್ಕೆ ‘ಟೀ ಟ್ರೀ’ ಎಂಬ ಹೆಸರು ಬಂತು. ಈಗಲೂ ಜನ ಒಂದು ಗಿಡದ ಹೆಸರನ್ನು ಇನ್ನೊಂದರ ಕಾಗುಣಿತದಲ್ಲಿ ಬರೆಯುವುದುಂಟು.

ಇದಕ್ಕಿಂತ ದೊಡ್ಡ ಪಾಠವನ್ನು ನಾವು ಕಲಿತದ್ದು ಮರಾಯೆಯ ಅಂಗಳದಲ್ಲಿ. ಅಲ್ಲಿ ಹೊಸಬರನ್ನು ‘ಪೋಫಿರಿ’ ಎಂಬ ವಿಧಿಯಿಂದ ಬರಮಾಡಿಕೊಳ್ಳುತ್ತಾರೆ. ಕರೆ, ಭಾಷಣ, ಹಾಡು, ಮೂಗಿಗೆ ಮೂಗು ತಾಗಿಸುವ ‘ಹೊಂಗಿ’, ಇಷ್ಟಾದರೂ ವಿಧಿ ಮುಗಿಯದು. ಕೊನೆಗೆ ಆಹಾರ ಅಥವಾ ಒಂದು ‘ಕಪು ತೀ’ ಸೇವಿಸಬೇಕು. ಆಗಲೇ ವಿಧಿಯ ಮಡಿ ಕಳೆದು, ಬಂದವರು ಮನೆಯವರೊಡನೆ ಒಂದಾಗುತ್ತಾರೆ. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬಿಸಿಲಿನಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನೆನಪಾಗುವುದಿಲ್ಲವೇ? ಕೊಟ್ಟದ್ದನ್ನು ಮುಟ್ಟದೆ ಹೊರಟರೆ ಅಲ್ಲಿಯೂ ಮನೆಯವರ ಮುಖ ಬಾಡುತ್ತದೆ.

ಕಚೇರಿಯಲ್ಲಿ ಹತ್ತು ಗಂಟೆಗೆ ಎಲ್ಲರೂ ಚಹಾಕ್ಕೆ ಎದ್ದಾಗ, ಶ್ರದ್ಧೆಯಿಂದ ಮೇಜಿಗೇ ಅಂಟಿ ಕುಳಿತಿರುವ ನಮ್ಮವರನ್ನು ಕಂಡಿದ್ದೇವೆ. ನಾವೂ ಹಾಗೆಯೇ ಇದ್ದೆವು. ಆ ಹತ್ತು ನಿಮಿಷದಲ್ಲಿ ಆಗುವುದು ಬರಿಯ ಚಹಾಪಾನವಲ್ಲ, ಪರಿಚಯ. ಎದ್ದು ಹೋಗದವರು ವರ್ಷಗಟ್ಟಲೆ ದುಡಿದೂ ಹೊಸಬರಾಗಿಯೇ ಉಳಿಯುತ್ತಾರೆ.

ನೆರೆಮನೆಯವರ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇವೆ. ಒಂದು ಭಾನುವಾರ ಬಿಸಿಬೇಳೆಬಾತಿನ ಪಾತ್ರೆ ಹಿಡಿದು ನಾವೇ ಅವರ ಮನೆಗೆ ಹೋದೆವು. “ನಮ್ಮ ಊರಿನಲ್ಲಿ ಟೀ ಎಂದರೆ ಟೀ ಮಾತ್ರ, ನಮಗೆ ತಿಳಿಯಲಿಲ್ಲ, ತಪ್ಪಾಯಿತು” ಎಂದೆವು. ಆ ತಾಯಿ ಬಹಳ ಹೊತ್ತು ನಕ್ಕರು. ಬಳಿಕ, “ನಮ್ಮ ಅಡಿಗೆ ನಿಮಗೆ ಹಿಡಿಸಲಿಲ್ಲವೆಂದು ತಿಳಿದಿದ್ದೆ” ಎಂದರು. ಅವರು ಎರಡು ತಿಂಗಳು ನೊಂದುಕೊಂಡಿದ್ದರು. ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂದಿನಿಂದ ಅವರ ಮೇಜಿನ ಮೇಲೆ ನಮಗಾಗಿ ಮಾಂಸವಿಲ್ಲದ ಒಂದು ಭಕ್ಷ್ಯ ಇರುತ್ತಿತ್ತು.

ಬಂಧುಗಳೇ, ತಿಳಿಯದ ಕಠಿಣ ಪದಕ್ಕೆ ನಾವು ನಿಘಂಟು ತೆರೆಯುತ್ತೇವೆ. ತಿಳಿದಿದೆ ಎಂದುಕೊಂಡ ಸುಲಭ ಪದವೇ ನಮ್ಮನ್ನು ಎಡವಿಸುವುದು. ಅರ್ಥ ಕೇಳಲು ನಾಚಬೇಡಿ. ಮನೆಯ ಮಕ್ಕಳನ್ನು ಕೇಳಿದರೂ ಸಾಕು. ಹಾಗೆಯೇ ಅವರಿಗೆ “ಕಾಫಿ ಆಯಿತೇ?” ಎಂಬುದರ ಅರ್ಥವನ್ನು ನೀವು ಹೇಳಿಕೊಡಿ. ಇಲ್ಲಿ ಅದನ್ನು ಹೇಳಿಕೊಡುವ ಅಜ್ಜಿಯ ಅಡಿಗೆಮನೆ ಅವರಿಗಿಲ್ಲ. ಇರುವುದು ನಾವು ಮಾತ್ರ.

ಹೊರಗೆ ಚಹಾ ಸಿದ್ಧವಾಗಿದೆಯಂತೆ. ಅದು ಯಾವ ಅರ್ಥದ ಚಹಾ ಎಂದು ಕಾರ್ಯದರ್ಶಿಗಳನ್ನು ಕೇಳಿಕೊಂಡೇ ಏಳೋಣ.