ಬೆಂದ ಮೈಗೆ ಹೊಸ ಚರ್ಮ



ಮೈಯ ಬಹುಭಾಗವು ಬೆಂದವನ ಗಾಯವನ್ನು ಮುಚ್ಚಲು ಅವನ ಸ್ವಂತ ಚರ್ಮವು ಸಾಲದು. ಮುಚ್ಚದಿದ್ದರೆ ದೇಹದ್ರವವು ಸೋರಿ, ವಿಷಕ್ರಿಮಿಗಳು ಹೊಕ್ಕು, ಪ್ರಾಣಕ್ಕೇ ಅಪಾಯವಾಗುವುದು. ಅಮೆರಿಕದ ಬಾಸ್ಟನ್ ನಗರದಲ್ಲಿ ಶಸ್ತ್ರವೈದ್ಯರಾದ ಜಾನ್ ಬರ್ಕ್ ಎಂಬವರೂ ವಿಜ್ಞಾನಿಗಳಾದ ಅಯಾನಿಸ್ ಯಾನಸ್ ಎಂಬವರೂ ಇದಕ್ಕೊಂದು ಉಪಾಯವನ್ನು ಕಂಡು, 1981ರಲ್ಲಿ 10 ಮಂದಿ ರೋಗಿಗಳಿಗೆ ಮಾಡಿದ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ದನದ ಚರ್ಮದಿಂದ ತೆಗೆದ ಕೊಲಾಜೆನ್ ಎಂಬ ನಾರು, ಶಾರ್ಕ್ ಮೀನಿನ ಮೃದುವಾದ ಎಲುಬಿನ ಒಂದು ಸತ್ತ್ವ, ಇವೆರಡರಿಂದ ಸ್ಪಂಜಿನಂತಹ ಹಾಳೆ; ಅದರ ಮೇಲೆ ಸಿಲಿಕೋನಿನ ಹೊದಿಕೆ. ಈ ಮೂಲದ್ರವ್ಯಗಳನ್ನು ಕೇಳಿ ತಮ್ಮಲ್ಲಿ ಕೆಲವರು ಮುಖ ಸಿಂಡರಿಸಬಹುದು. ಮೊದಲು ನನಗೂ ಹಾಗೆಯೇ ಆಯಿತು. ಬೆಂದವನ ಮಗ್ಗುಲಲ್ಲಿ ಕುಳಿತ ತಾಯಿಗೆ ಹಾಗಾಗಲಾರದು.

ಈ ಹಾಳೆಯು ಮನೆ ಕಟ್ಟುವವರು ನಿಲ್ಲಿಸುವ ಸಾರವೆಯಂತಹದು. ರೋಗಿಯ ಜೀವಕೋಶಗಳೂ ಎಳೆಯ ರಕ್ತನಾಳಗಳೂ ಅದರ ರಂಧ್ರಗಳನ್ನು ಹೊಕ್ಕು ಒಳಚರ್ಮವನ್ನು ಕಟ್ಟುವುವು. ಹಾಳೆಯು ಮೆಲ್ಲನೆ ಕರಗಿಹೋಗುವುದು. ಬಳಿಕ ಸಿಲಿಕೋನನ್ನು ತೆಗೆದು, ರೋಗಿಯದೇ ತೆಳುಚರ್ಮವನ್ನು ಹೊದಿಸುವರು.

ರಕ್ತನಾಳವು ಬಾರದಿದ್ದರೆ ಎಲ್ಲವೂ ವ್ಯರ್ಥ. ನಾಳದಿಂದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ದೂರವಿರುವ ಕೋಶಕ್ಕೆ ಪ್ರಾಣವಾಯುವು ಸಾಕಷ್ಟು ಮುಟ್ಟದು. ತೆಳ್ಳನೆಯ ಚರ್ಮವನ್ನು ಬೆಳೆಯಿಸಿದವರಿಗೆ ದಪ್ಪನಾದ ಯಕೃತ್ತನ್ನಾಗಲಿ ಹೃದಯವನ್ನಾಗಲಿ ಬೆಳೆಯಿಸಲು ಇಂದಿಗೂ ಆಗದಿರುವುದಕ್ಕೆ ಇದೊಂದು ಮುಖ್ಯ ಕಾರಣವು.