ನೆರೆನಾಡಿನಲ್ಲಿ ನಿರಾಶ್ರಿತರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಹಳೆಯದು. ಎರಡೂ ಎಷ್ಟು ಕಷ್ಟವೆಂಬುದನ್ನು ಸಂಸಾರಸ್ಥರಾದ ತಮಗೆ ನಾನು ಹೇಳಬೇಕಾಗಿಲ್ಲ. ಆದರೆ ಕೈಯಲ್ಲಿ ಹಣವಿದ್ದೂ ಮನೆ ಕೊಳ್ಳಕೂಡದೆಂದು ಕಾನೂನೇ ಅಡ್ಡ ಬಂದರೆ? ಲೆಬನಾನಿನಲ್ಲಿರುವ ಪ್ಯಾಲೆಸ್ಟೈನ್ ನಿರಾಶ್ರಿತರ ಸ್ಥಿತಿ ಇದು.

1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಮಿಕ್ಕ ಪ್ಯಾಲೆಸ್ಟೈನ್ ಅರಬರು ಮನೆಮಠ ಕಳೆದುಕೊಂಡರು. ಅವರಲ್ಲಿ ಸುಮಾರು ಒಂದು ಲಕ್ಷ ಮಂದಿ ಲೆಬನಾನಿಗೆ ಬಂದರು. ಬೇಗನೆ ಹಿಂದಿರುಗುವೆವೆಂದು ನಂಬಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೊತೆಯಲ್ಲಿ ತಂದವರು ಅನೇಕರು. ಅದೇ ವರ್ಷ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆಯು, ಶಾಂತಿಯಿಂದ ಬಾಳುವವರು ಊರಿಗೆ ಮರಳಬಹುದು, ಮರಳಲೊಲ್ಲದವರಿಗೆ ಪರಿಹಾರ ಸಲ್ಲಬೇಕು ಎಂದು ನಿರ್ಣಯಿಸಿತು. ನಿರ್ಣಯ ಕಾಗದದಲ್ಲೇ ಉಳಿಯಿತು. ಬೀಗದ ಕೈ ಮೊಮ್ಮಕ್ಕಳ ಪಾಲಿಗೆ ಬಂದಿತು.

ಲೆಬನಾನಿನಲ್ಲಿ ಇವರಿಗಾಗಿ 12 ಶಿಬಿರಗಳುಂಟು. 2017ರ ಗಣತಿಯಲ್ಲಿ ಶಿಬಿರಗಳಲ್ಲಿಯೂ ಇತರ ನೆಲೆಗಳಲ್ಲಿಯೂ 1,74,422 ಮಂದಿ ಲೆಕ್ಕಕ್ಕೆ ಸಿಕ್ಕಿದರು. ಮೊದಲು ಡೇರೆ, ಬಳಿಕ ತಗಡಿನ ಮಾಡು, ಆಮೇಲೆ ಸಿಮೆಂಟಿನ ಗೋಡೆ. ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. ಆದುದರಿಂದ ಬೈರೂತಿನ ಶತೀಲಾ ಶಿಬಿರದಲ್ಲಿ ಮನೆಯ ಮೇಲೆ ಮನೆ ಎದ್ದಿತು. ಓಣಿಗಳಲ್ಲಿ ಬಿಸಿಲು ಅಪರೂಪ. ತಲೆಯ ಮೇಲೆ ವಿದ್ಯುತ್ ತಂತಿಗಳೂ ನೀರಿನ ಕೊಳವೆಗಳೂ ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ವಿದ್ಯುತ್ತು ತಗಲಿ ಸತ್ತವರೂ ಉಂಟು.

1950ರಲ್ಲಿ ಕೆಲಸಕ್ಕೆ ತೊಡಗಿದ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯು ಶಾಲೆಗಳನ್ನೂ ಚಿಕಿತ್ಸಾಲಯಗಳನ್ನೂ ತೆರೆಯಿತು. ಮಕ್ಕಳು ಓದಿದರು. ಓದಿ ಮಾಡುವುದೇನು? ವೈದ್ಯ, ವಕೀಲ, ಎಂಜಿನಿಯರ್ ವೃತ್ತಿಗಳಿಗೆ ಆಯಾ ಸಂಘದ ಸದಸ್ಯತ್ವ ಬೇಕು, ಅದು ಇವರಿಗಿಲ್ಲ. 2010ರಲ್ಲಿ ಪರವಾನಗಿಯ ನಿಯಮಗಳು ಸಡಿಲವಾದರೂ ಈ ಬಾಗಿಲು ಮುಚ್ಚಿಯೇ ಉಳಿಯಿತು. 2001ರ ಕಾನೂನಂತೂ, ಮಾನ್ಯತೆ ಪಡೆದ ರಾಷ್ಟ್ರದ ಪೌರರಲ್ಲದವರು ಸ್ಥಿರಾಸ್ತಿ ಕೊಳ್ಳದಂತೆ ತಡೆಯಿತು.

ಲೆಬನಾನಿನ ಮಾತನ್ನೂ ಕೇಳಬೇಕು. ಅದು ಚಿಕ್ಕ ದೇಶ. ಹಲವು ಪಂಗಡಗಳ ಸಮತೋಲದ ಮೇಲೆ ಅದರ ಆಡಳಿತ ನಿಂತಿದೆ. ಬಂದವರು ಇಲ್ಲಿಯೇ ನೆಲೆಸಿದರೆ ತಕ್ಕಡಿ ವಾಲುವುದೆಂಬ ಭಯ ಅದಕ್ಕೆ. ಇವರು ಊರಿಗೆ ಮರಳುವ ಹಕ್ಕು ಅಳಿಯಬಾರದು ಎಂಬ ವಾದವೂ ಉಂಟು. ಆದರೆ ಜೋರ್ಡಾನ್ ತನ್ನಲ್ಲಿಗೆ ಬಂದವರಲ್ಲಿ ಬಹುಪಾಲು ಜನರಿಗೆ ಪೌರತ್ವವನ್ನೇ ಕೊಟ್ಟಿತು; ಆದರೂ ವಿಶ್ವಸಂಸ್ಥೆಯ ನಿರಾಶ್ರಿತರ ಪಟ್ಟಿಯಿಂದ ಅವರ ಹೆಸರು ಹೋಗಲಿಲ್ಲ. ಮರಳುವ ಆಸೆಯನ್ನು ಕಾಪಾಡಲು ಬದುಕನ್ನು ಬಡವಾಗಿಸಬೇಕಾಗಿಲ್ಲ.

ಅತಿಥಿಗೆ ಚಾವಡಿಯಲ್ಲಿ ಜಾಗ ಕೊಡುವುದು ದೊಡ್ಡ ಗುಣವೇ. ಆದರೆ ಅವನ ಮೊಮ್ಮಕ್ಕಳೂ ಚಾವಡಿಯಲ್ಲೇ ಹುಟ್ಟಿ ಬೆಳೆದ ಮೇಲೆ, ದುಡಿದು ಉಣ್ಣುವ ಹಕ್ಕನ್ನಾದರೂ ಅವರಿಗೆ ಕೊಡಬೇಡವೆ? ತಾವೇ ಯೋಚಿಸಿ ನೋಡಿ.